ಪ್ಲಾಸ್ಟರ್ ಹಾಕಿದ ಕೈಯ ವಜೂ

2005ರ ಮಳೆಗಾಲದ ಒಂದು ಶನಿವಾರ, ನೆರೆರಾಜ್ಯದ ಮಣಿಕೊಂಡದ ಸಣ್ಣ ಶಾಲೆಯೊಂದರಲ್ಲಿ, ಕೈ ಮುರಿದುಕೊಂಡಿದ್ದ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಪ್ಲಾಸ್ಟರಿನ ಮೇಲೆ ಮಗ್ಗಿನಿಂದ ನೀರು ಸುರಿದುಕೊಂಡಳು.

ಹತ್ತಿರದ ಐಟಿ ಕಚೇರಿಯಲ್ಲಿದ್ದ ನಾನು ರಜೆಯ ದಿನ ಅಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ನನ್ನ ಕೋಣೆಯ ಕಿಟಕಿಗೆ ಎದುರಾಗಿ ನಲ್ಲಿಗಳಿದ್ದವು. ಅಲ್ಲಿ ಬೀದರ್ ಕಡೆಯ ಶಿಕ್ಷಕಿಯೊಬ್ಬರು ಮಕ್ಕಳಿಂದ ವಜೂ, ಅಂದರೆ ನಮಾಜಿಗೆ ಮುಂಚಿನ ಶುದ್ಧಿ, ಮಾಡಿಸುತ್ತಿದ್ದರು. ಮೊಣಕೈಗೂ ಹಿಮ್ಮಡಿಗೂ ಸೀಮೆಸುಣ್ಣದ ಪುಡಿ ಹಚ್ಚಿ ತೊಳೆಯಲು ಬಿಡುವುದು ಅವರ ಕ್ರಮ. ಎಲ್ಲಾದರೂ ಬಿಳಿ ಉಳಿದರೆ ಅಲ್ಲಿಗೆ ನೀರು ತಲುಪಿಲ್ಲ. ಬಿಳಿ ಹುಡುಕುವವರು ಮಕ್ಕಳೇ. ಅಷ್ಟು ಚುರುಕಾದ ತಪಾಸಣೆಯನ್ನು ನಮ್ಮ ಕಚೇರಿಯಲ್ಲೂ ನಾನು ನೋಡಿರಲಿಲ್ಲ.

ಹುಡುಗಿಯ ತಂದೆತಾಯಿ ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ವಜೂ ಸರಿಯಾಗಿ ಮಾಡಿದವರು ಅಂದು ಮಧ್ಯಾಹ್ನ ಮೊದಲ ಬಾರಿಗೆ ಸಾಲಿನಲ್ಲಿ ನಿಂತು ನಮಾಜು ಮಾಡುವುದಿತ್ತು.

"ಏ, ನಿನ್ನ ಕೈ ಇನ್ನಾ ಬೆಳ್ಳಗೈತಿ! ಫೇಲ್!" ಎಂದು ಪಕ್ಕದವಳು ಪ್ಲಾಸ್ಟರ್ ತೋರಿಸಿ ನಕ್ಕಳು. ಇವಳು ಅದನ್ನು ನಿಜವೆಂದೇ ನಂಬಿ ನೀರು ಸುರಿದುಕೊಂಡದ್ದು.

ಶಿಕ್ಷಕಿ ಓಡಿಬಂದು ದುಪಟ್ಟಾದಿಂದ ಒರೆಸಿದರು.

"ಏನ್ ಮಾಡಾಕತ್ತೀ ಬೇಟಾ?"

"ಬಿಳಿ ಉಳದ್ರ ನಮಾಜಿಗೆ ಬಿಡಂಗಿಲ್ರೀ ಟೀಚರ್. ಅಮ್ಮಿ ನೋಡಾಕ ಬರಾಕತ್ತಾಳ."

"ಯಾರಂದ್ರು ಬಿಡಂಗಿಲ್ಲಂತ? ತೊಳಿಯಾಕ ಆಗದ ಕೈಗೆ ಬ್ಯಾರೆ ದಾರಿ ಐತಿ."

ಆಮೇಲೆ ತರಗತಿಯ ಕಡೆ ತಿರುಗಿದರು. "ಎಲ್ಲಾರೂ ಕರ್ಚೀಫ್ ತಗೀರಿ, ಕೈಗೆ ಕಟ್ಟಿಕೊಳ್ರಿ. ಇವತ್ತ ಎಲ್ಲಾರ ಕೈನೂ ಮುರದೈತಿ."

"ನಂದು ಭಾಳ ಮುರದೈತ್ರೀ ಟೀಚರ್!" ಎಂದು ಗೇಲಿ ಮಾಡಿದವಳೇ ಎಲ್ಲರಿಗಿಂತ ಮೊದಲು ಕಟ್ಟಿಕೊಂಡಳು.

ಬೆರಳುಗಳನ್ನು ತೊಳೆದು, ಕಟ್ಟಿದ ಕಡೆ ಮಾತ್ರ ಒದ್ದೆ ಅಂಗೈ ಒಮ್ಮೆ ಸವರಿದರೆ ಆ ಕೈಯ ವಜೂ ಪೂರ್ತಿಯಾಗುತ್ತದೆ ಎಂದು ಶಿಕ್ಷಕಿ ಮಾಡಿ ತೋರಿಸಿದರು. ಒಬ್ಬಳಿಗೆ ವಿನಾಯಿತಿ ಕೊಟ್ಟು ಮುಗಿಸಬಹುದಿತ್ತು. ಇಡೀ ತರಗತಿಗೆ ಅದೇ ಅಂದಿನ ಪಾಠವಾಯಿತು. ಮಕ್ಕಳೆಲ್ಲ ಕರ್ಚೀಫಿನ ಮೇಲೆ ಸವರಿದರು, ಹುಡುಗಿ ಪ್ಲಾಸ್ಟರಿನ ಮೇಲೆ. ಅವಳ ಕೈಯನ್ನು ಪರೀಕ್ಷಿಸಿ ಪಾಸು ಮಾಡಿದವಳೂ ಪಕ್ಕದವಳೇ.

ಮಧ್ಯಾಹ್ನ ಅವಳು ಮೊದಲ ಸಾಲಿನಲ್ಲಿ ನಿಂತಳು. ಕೆಲಸದಿಂದ ನೇರವಾಗಿ ಬಂದಿದ್ದ ತಾಯಿ ಬಾಗಿಲಲ್ಲೇ ನಿಂತು ನೋಡಿದರು. ಮೆತ್ತಗಾಗಿದ್ದ ಪ್ಲಾಸ್ಟರನ್ನು ಸಂಜೆ ಆಸ್ಪತ್ರೆಯಲ್ಲಿ ತೆಗೆದು ಹೊಸದು ಹಾಕಿದರು. ತಾಯಿಮಗಳ ಜತೆ ಶಿಕ್ಷಕಿಯೂ ಹೋಗಿದ್ದರು. ಮುಂದಿನ ಶನಿವಾರವೂ ಹುಡುಗಿ ಸಾಲಿನಲ್ಲಿದ್ದಳು.