ನಾನು ಕಲಸಿದ ಮಣ್ಣು

ನಂಬಲಾಗದ್ದನ್ನು ಕಣ್ಣಾರೆ ಕಂಡೆವು ಎನ್ನುವವರನ್ನು ನೋಡಿದರೆ ಮೊದಲೆಲ್ಲ ನನಗೆ ನಗು ಬರುತ್ತಿತ್ತು. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು.

ನಮ್ಮದು ಹೊಸನಗರ. ಶ್ಯಾವಿಗೆ ಮಾಡಿ ತೀರ್ಥಹಳ್ಳಿಯ ಅಂಗಡಿಗಳಿಗೆ ಕೊಡುತ್ತೇನೆ. ನನ್ನ ತಮ್ಮ ಪ್ರಸನ್ನ ರಾಜಸ್ಥಾನದ ಮರುಭೂಮಿಯಲ್ಲಿ ಬತ್ತಿಹೋದ ಕೆರೆಗಳ ಮಣ್ಣನ್ನು ಅಭ್ಯಾಸ ಮಾಡುವವನು. ಕೆಲವು ವರ್ಷಗಳ ಹಿಂದೆ, ಅಲ್ಲಿಂದ ಮಂಗಳೂರಿನ ಲ್ಯಾಬಿಗೆ ಹೋಗುವ ದಾರಿಯಲ್ಲಿ ಮನೆಗೆ ಬಂದ. ಜೀಪಿನ ತುಂಬ, ಕೆರೆಯ ತಳಕ್ಕೆ ಇಳಿಸಿ ಎತ್ತಿದ, ಮಣ್ಣು ತುಂಬಿದ ಪೈಪುಗಳು.

"ಮಣ್ಣು ಹೊರೋಕೆ ಇಷ್ಟೆಲ್ಲ ಓದ್ಬೇಕಿತ್ತೇನೋ?" ಎಂದೆ.

"ಸತ್ತೋದ ಕೆರೆ ಜಾತಕ ಕಣಕ್ಕಾ ಇದು" ಎಂದು ನಕ್ಕ. ಮಳೆ ಬಂದ ಕಾಲದಲ್ಲಿ ಕೆರೆಯ ತಳಕ್ಕೆ ನುಣ್ಣನೆಯ ಕಪ್ಪು ಮಣ್ಣು ಇಳಿಯುತ್ತದಂತೆ. ಒಣಗಿದ ಕಾಲದಲ್ಲಿ ಉಪ್ಪು, ಮರಳು. ಆ ಪದರಗಳನ್ನು ಓದಿದರೆ ಸಾವಿರಾರು ವರ್ಷಗಳ ಹಿಂದೆ ಅಲ್ಲಿ ಮಳೆ ಯಾವಾಗ ಇತ್ತು, ಯಾವಾಗ ನಿಂತಿತು ಎಂದು ತಿಳಿಯುತ್ತದಂತೆ. ಪೈಪುಗಳನ್ನು ತಂಪಿಗೆಂದು ಒಳಕೋಣೆಯಲ್ಲಿಟ್ಟು, ಜೀಪು ರಿಪೇರಿಗೆ ಸಾಗರಕ್ಕೆ ಹೊರಟ. ಹೋಗುವಾಗ, "ಮುಟ್ಬೇಡಕ್ಕಾ, ನಿಂಗೆ ಗೊತ್ತಾಗಲ್ಲ" ಎಂದ.

ಆ ಮಾತು ಚುಚ್ಚಿತು. ಮಧ್ಯಾಹ್ನ, ಏಳು ಎಂದು ಬರೆದಿದ್ದ ಪೈಪಿನ ಟೇಪು ಬಿಚ್ಚಿ ಮುಚ್ಚಳ ತೆಗೆದೆ. ನೋಡಲೆಂದು ಓರೆ ಮಾಡಿದ್ದೇ ತಡ, ಮಣ್ಣೆಲ್ಲ ಜಾರಿ ನೆಲಕ್ಕೆ ಬಿತ್ತು. ಗಾಬರಿಯಲ್ಲಿ ಎರಡೂ ಕೈಯಿಂದ ಬಾಚಿದೆ. ಕಪ್ಪು ಬಿಳಿ ಎಲ್ಲ ಕಲಸಿಹೋಯಿತು. ಶ್ಯಾವಿಗೆ ಒರಳಿಗೆ ಹಿಟ್ಟು ತುಂಬುವಂತೆ ಒತ್ತಿ ಒತ್ತಿ ತುಂಬಿದೆ. ಒಂದು ಹಿಡಿಯಷ್ಟು ಹಿಡಿಸಲೇ ಇಲ್ಲ. ಅದನ್ನು ಬಚ್ಚಲ ಹಿಂದೆ ಎಸೆದು, ಪೈಪಿಗೆ ಮುಚ್ಚಳ ಹಾಕಿ ಮೊದಲಿನಂತೆ ಟೇಪು ಸುತ್ತಿ, ನೆಲ ಒರೆಸಿದೆ. ಸಂಜೆ ಬಂದ ತಮ್ಮನಿಗೆ ಹೇಳಲಿಲ್ಲ.

ಮೂರು ತಿಂಗಳಾದ ಮೇಲೆ ಅವನ ಫೋನು ಬಂತು. ಏಳನೇ ಪೈಪಿನ ಮಣ್ಣು ಎಲ್ಲಕ್ಕಿಂತ ಚೆನ್ನಾಗಿ ಬಂದಿದೆಯೆಂದು ಖುಷಿಯಲ್ಲಿದ್ದ. ಪೈಪನ್ನು ಉದ್ದಕ್ಕೆ ಸೀಳಿ ತೆಗೆದ ಫೋಟೋ ಕಳಿಸಿದ. ಕಪ್ಪು, ಬಿಳಿ, ಕಂದು ಪದರಗಳು ಗೆರೆ ಎಳೆದ ಹಾಗೆ ಒಂದರ ಮೇಲೊಂದು ಕೂತಿದ್ದವು. ನಾನು ಕಲಸಿದ ಗುರುತು ಎಲ್ಲೂ ಇರಲಿಲ್ಲ.

ತಡೆಯಲಾಗದೆ ಅವನಿಗೆ ಫೋನು ಮಾಡಿ ಎಲ್ಲ ಹೇಳಿಬಿಟ್ಟೆ.

"ನಂಬರ್ ತಪ್ಪು ನೋಡಿರ್ಬೇಕು ನೀನು."

"ಇಲ್ಲ ಮಾರಾಯಾ, ಏಳೇ. ಈ ಕೈಯಲ್ಲೇ ಕಲಸಿದ್ದು" ಎಂದು ಅತ್ತೆ.

ಅವನು ಎಲ್ಲ ಪೈಪುಗಳನ್ನೂ ಮತ್ತೆ ನೋಡಿದ. ಒಂದೂ ಕಲಸಿರಲಿಲ್ಲ, ಒಂದರಲ್ಲೂ ಮಣ್ಣು ಕಡಿಮೆಯಿರಲಿಲ್ಲ. ಎರಡು ದಿನ ಬಿಟ್ಟು ಫೋನು ಮಾಡಿ, "ವರದೀಲಿ ಏಳನೇದನ್ನ ಬಿಟ್ಟೇ ಬರೀತೀನಿ ಕಣಕ್ಕಾ. ನೀನು ಅಳ್ತಾ ಸುಳ್ಳು ಹೇಳೋಳಲ್ಲ" ಎಂದ.

ಬಿಟ್ಟೇ ಬರೆದ. ಕಣ್ಣೆದುರಿನ ಮಣ್ಣಿಗಿಂತ ನನ್ನ ಮಾತನ್ನೇ ನಂಬಿದ. ಬೈದಿದ್ದರೆ ನಾನು ಹಗುರಾಗುತ್ತಿದ್ದೆನೇನೋ. ಅಂದು ನೆಲಕ್ಕೆ ಬಿದ್ದದ್ದು ಯಾವ ಮಣ್ಣು, ಫೋಟೋದಲ್ಲಿ ಕಂಡದ್ದು ಯಾವುದು, ನನಗೆ ಇಂದಿಗೂ ಗೊತ್ತಿಲ್ಲ. ಆ ಪದರಗಳು ನಿಜವೇ ಆಗಿದ್ದರೆ, ನಾನು ಅವನ ಕೆಲಸ ಕೆಡಿಸಿದ್ದು ಪೈಪು ಬಿಚ್ಚಿದಾಗಲ್ಲ, ನಿಜ ಹೇಳಿದಾಗ.