ಬಡಿಸುವವಳ ಫೀ

ಹಾಲಿನ ಪಾಕೀಟು ಒಳಗೆ ತರುವುದು. ನಳ ನಿಲ್ಲುವ ಮೊದಲು ಕೊಡ ತುಂಬುವುದು. ರಾತ್ರಿಯ ಮುಸುರೆ ತಿಕ್ಕುವುದು. ಅಣ್ಣನ ಅಂಗಿಗೆ ಇಸ್ತ್ರಿ, ಅಪ್ಪನ ಡಬ್ಬಿ. ಅವ್ವನ ಮೊಣಕೈಗೆ ಎಣ್ಣೆ ಹಚ್ಚಿ, ಅವಳು ಬಡಿಯಬೇಕಾದ ಜೋಳದ ರೊಟ್ಟಿಯನ್ನೂ ತಾನೇ ಬಡಿಯುವುದು. ಕೋಥರೂಡದ ಆ ಮನೆಯಲ್ಲಿ ಬೆಳಕು ಹರಿಯುವಷ್ಟರಲ್ಲಿ ಶೈಲಶ್ರೀ ಇಷ್ಟನ್ನೂ ಮುಗಿಸುತ್ತಿದ್ದಳು. ಈ ವಾರ ಇದರ ಮೇಲೆ ಚಳವಳಿಯ ರೊಟ್ಟಿ ಬೇರೆ.

ವಿಶ್ವವಿದ್ಯಾಲಯ ಎಂ.ಎ. ಫೀ ಏರಿಸಿತ್ತು. ಅದನ್ನು ಇಳಿಸಬೇಕೆಂದು ವಿದ್ಯಾರ್ಥಿಗಳು ಕಚೇರಿಯ ಮುಂದೆ ಪೆಂಡಾಲು ಹಾಕಿ ಕೂತಿದ್ದರು. ಅವಳೂ ಅಣ್ಣ ಮಾಂತುವೂ ಅಲ್ಲಿಯೇ ಓದುತ್ತಿದ್ದರು. ಬಟ್ಟೆ ಅಂಗಡಿಯ ಗುಮಾಸ್ತನಾದ ಅಪ್ಪ ಪ್ರಲ್ಹಾದ, ಮಾಂತುವಿನ ಫೀ ಆಗಲೇ ಕಟ್ಟಿ ಬಂದಿದ್ದ.

"ಮತ್ತ ನಂದು, ಅಪ್ಪಾ?"

"ನಿಂದು ನೋಡೂಣು. ಕಮ್ಮಿ ಮಾಡಿದ್ರ ಓದು. ಇಲ್ಲಂದ್ರ ಹೆಂಗೂ ಮನ್ಯಾಗ ಕೆಲಸ ಅದ."

ಹೆಂಗೂ ಅದ. ಅದು ಯಾವತ್ತು ಇರಲಿಲ್ಲ?

ಹೀಗೆ ಫೀ ಕಟ್ಟಿಯಾಗಿದ್ದ ಅಣ್ಣ ಪೆಂಡಾಲಿನಲ್ಲಿ ಮೈಕು ಹಿಡಿದ. ಫೀ ಕಟ್ಟದ ತಂಗಿ ಬುತ್ತಿ ಹೊತ್ತಳು.

ಅಂದು ಮಧ್ಯಾಹ್ನ ಚಳವಳಿಯ ಹುಡುಗರು ಸಾಲಾಗಿ ಉಣ್ಣಲು ಕೂತಿದ್ದರು. ಶೈಲಶ್ರೀ ಪುಂಡಿಪಲ್ಯ ಬಡಿಸುತ್ತಿದ್ದಳು.

"ಶೈಲೂ, ಶೇಂಗಾ ಹಿಂಡಿ ಎಲ್ಲದ?" ಮಾಂತು ಕೇಳಿದ.

"ನಿನ್ನ ಮುಂದ ಅದ. ಮೈಕ್ ಹಿಡಿಯೋ ಕೈಗೆ ಡಬ್ಬಿ ಮುಚ್ಚಳ ತೆಗ್ಯಾಕ ಬರೂದಿಲ್ಲೇನಣ್ಣಾ?"

ಕನ್ನಡ ಬಲ್ಲ ಸೊಲ್ಲಾಪುರದ ಹುಡುಗರು ನಕ್ಕರು. ಮುಚ್ಚಳ ತೆಗೆದದ್ದು ಮಾತ್ರ ಅವಳೇ.

ಅಷ್ಟರಲ್ಲಿ ಕಚೇರಿಯ ಸಿಪಾಯಿ ಬಂದು ಮರಾಠಿಯಲ್ಲಿ ಹೇಳಿದ: ಫೀ ಮಾತುಕತೆಗೆ ಕುಲಪತಿ ಸಾಹೇಬರು ಈಗಲೇ ಕರೆಯುತ್ತಿದ್ದಾರೆ, ತಡವಾದರೆ ಮುಂಬಯಿಗೆ ಹೊರಟುಬಿಡುತ್ತಾರೆ.

ಮಾಂತು ರೊಟ್ಟಿ ಮುರಿಯುತ್ತಲೇ ಅಂದ, "ಉಣ್ಣೂ ತಾಟಿನ ಮುಂದಿಂದ ಏಳಬಾರ್ದು ಅಂತ ಅವ್ವ ಹೇಳ್ತಾಳಲ್ಲ. ಉಂಡು ಬರ್ತೀವಿ ಅಂತ ಹೇಳು ಅವಗ. ಇನ್ನೊಂದ್ ರೊಟ್ಟಿ ಹಾಕು."

ಉಳಿದವರೂ ತಲೆಯಾಡಿಸಿ ಉಣ್ಣುತ್ತಿದ್ದರು. ಎಂಜಲಾಗದ ಕೈ ಅಲ್ಲಿ ಅವಳದೊಂದೇ. ಗಂಡಸರು ಉಂಡೇಳದೆ ಅವಳ ಮನೆಯ ಹೆಂಗಸರು ತಾಟು ಹಾಕಿಕೊಳ್ಳುತ್ತಿರಲಿಲ್ಲ. ಆ ಪದ್ಧತಿ ಪೆಂಡಾಲಿನವರೆಗೂ ಅವಳ ಬೆನ್ನು ಹತ್ತಿ ಬಂದಿತ್ತು. ಸಾಹೇಬರು ತಿರುಗಿ ಬರುವಷ್ಟರಲ್ಲಿ ಫೀ ಕಟ್ಟುವ ಗಡುವು ಮುಗಿದಿರುತ್ತದೆ. ಮಾಂತುವಿಗೆ ಅದರಿಂದ ಆಗಬೇಕಾದದ್ದೇನೂ ಇರಲಿಲ್ಲ.

ಸಿಪಾಯಿ ಅವಳ ಮುಖ ನೋಡಿದ.

ಅವಳು ಸೌಟನ್ನು ಮಾಂತುವಿನ ತಾಟಿನ ಪಕ್ಕ ಇಟ್ಟಳು. ಓಢಣಿಯ ಸೆರಗಿಗೆ ಕೈ ಒರೆಸಿಕೊಂಡಳು.

"ಚಲಾ, ಮೀ ಯೇತೇ," ನಡೆಯಿರಿ, ನಾನು ಬರುತ್ತೇನೆ ಎಂದು ಮರಾಠಿಯಲ್ಲೇ ಹೇಳಿ ಸಿಪಾಯಿಯ ಹಿಂದೆ ಹೊರಟಳು.

"ಏ ಶೈಲೂ, ರೊಟ್ಟಿ?"

ಅವಳು ಕಚೇರಿಯ ಮೆಟ್ಟಿಲು ಹತ್ತುತ್ತಿದ್ದಳು.