ಮೊದಲ ಸಾಲಿನ ಮೇಷ್ಟ್ರು

ಮೇಷ್ಟ್ರ ದವಡೆ ಸುಮ್ಮನಿರುತ್ತಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ದೇಶವಿದೇಶಗಳ ಬಗ್ಗೆ ನಡೆಯುತ್ತಿದ್ದ ಸಾರ್ವಜನಿಕ ಉಪನ್ಯಾಸಗಳಲ್ಲಿ ಮೊದಲ ಸಾಲಿನಲ್ಲೇ ಕೂತು, ಜೇಬಿನಿಂದ ಕೊಬ್ಬರಿ ಚೂರು ತೆಗೆದು ಅಗಿಯುತ್ತಿದ್ದರು. ನಮ್ಮ ತಿಪಟೂರು ಕಡೆಯವರೇ. ಅಗಿಯುವುದು ನಿಂತಿತೆಂದರೆ ಭಾಷಣಕಾರನ ಕತೆ ಮುಗಿಯಿತು ಅಂತ ಸಭೆಗೆಲ್ಲ ಗೊತ್ತಿತ್ತು. "ಒಂದು ಸಣ್ಣ ಅನುಮಾನ" ಎನ್ನುತ್ತ ಏಳುತ್ತಿದ್ದರು. ದೂರದಿಂದ ಬಂದಿದ್ದ ಅತಿಥಿಯೊಬ್ಬ ಊಟಕ್ಕೂ ನಿಲ್ಲದೆ ಬಸ್ ಹತ್ತಿದ. ಮೇಷ್ಟ್ರು ಅವನ ಪಾಲಿನ ಹೋಳಿಗೆಯನ್ನೂ ತಿಂದರು.

ನಾನಾಗ ಅವರ ವಿಭಾಗದಲ್ಲಿ ಹಂಗಾಮಿ ಉಪನ್ಯಾಸಕಿ. ಶ್ರೀಲಂಕಾದ ತೆಂಗು ಬೆಳೆಗಾರರ ಮೇಲೆ ಮಾತಾಡಲು ನನಗೂ ಒಂದು ದಿನ ಕೊಟ್ಟರು. ನೊಣವಿನಕೆರೆಯಿಂದ ಬಂದಿದ್ದ ಅಪ್ಪನನ್ನು ಹೆಮ್ಮೆಯಿಂದ ಮೇಷ್ಟ್ರಿಗೆ ಪರಿಚಯ ಮಾಡಿಸಿ, ಕೊನೆಯ ಸಾಲಿನಲ್ಲಿ ಕೂರಿಸಿದೆ. ಅರ್ಧ ಇಂಗ್ಲಿಷು, ಅರ್ಧ ಪುಸ್ತಕದ ಕನ್ನಡದಲ್ಲಿ ಭಾಷಣ ಬಿಗಿದೆ. ದವಡೆ ನಿಂತಿತು.

"ಏನಮ್ಮಾ, ಆ ದೇಶಕ್ಕೆ ಹೋಗಿದ್ಯಾ?"

"ಇಲ್ಲ ಸಾರ್."

"ಅಲ್ಲಿನ ಭಾಷೆ ಬರುತ್ತಾ?"

"ಇಲ್ಲ."

"ಮತ್ತೆ ಇಷ್ಟೊತ್ತು ಯಾರ ಬಾಯಲ್ಲಿ ಮಾತಾಡಿದೆ?"

ಸಭೆ ನಕ್ಕಿತು. ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಮರೆಯುತ್ತಿದ್ದೆನೇನೋ. ಅವರು ಹಿಂದಕ್ಕೆ ತಿರುಗಿದರು. "ಯಜಮಾನ್ರೇ, ನಿಮ್ ಮಗಳು ಹೇಳಿದ್ದು ಅರ್ಥ ಆಯ್ತಾ?"

ಅಪ್ಪ ಎದ್ದು ಕೈಮುಗಿದ. "ಆಯ್ತು ಸ್ವಾಮಿ. ಬೋ ಚೆನ್ನಾಗ್ ಹೇಳುದ್ಲು."

"ಹಾಗಾದ್ರೆ ಏನು ಹೇಳಿದ್ಲು, ಹೇಳಿ ನೋಡೋಣ."

ಅಪ್ಪ ನನ್ನ ಕಡೆ ನೋಡಿದ. ಸಭೆ ಮತ್ತೆ ನಕ್ಕಿತು. ಮೇಷ್ಟ್ರು ಕೂರಿ ಅನ್ನಲಿಲ್ಲ. ನಗು ಮುಗಿಯುವವರೆಗೂ ಅವನು ನಿಂತೇ ಇದ್ದ. ಬಸ್ ಸ್ಟ್ಯಾಂಡಿನಲ್ಲಿ, "ನಿನ್ ಮರ್ಯಾದೆ ಕಳದ್ಬುಟ್ನಲ್ಲವ್ವ" ಎಂದ. ಮೇಷ್ಟ್ರನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ನನ್ನ ಹೊಟ್ಟೆಯಾದರೂ ತಣ್ಣಗಾಗುತ್ತಿತ್ತು.

ಮರುದಿನ ಮೇಷ್ಟ್ರು ಸಿಂಹಳ ಕಲಿಸುವ ಪುಸ್ತಕವೊಂದನ್ನು ನನ್ನ ಮೇಜಿನ ಮೇಲೆ ಎಸೆದರು. "ಕಲಿ. ಇಲ್ಲಾಂದ್ರೆ ಊರಿಗೆ ಹೋಗಿ ಕಾಯಿ ಸುಲಿ." ಹಟಕ್ಕೆ ಬಿದ್ದು ಕಲಿತೆ. ಆ ದೇಶದ ತೋಟಗಳಲ್ಲೇ ಕೂತು, ಅಲ್ಲಿಯವರ ಮಾತಲ್ಲೇ ಅವರ ಕಷ್ಟಸುಖ ಕೇಳಿ ಬಂದೆ. ಅದರಿಂದಲೇ ಕೆಲಸ ಕಾಯಂ ಆಯಿತು. ಇವತ್ತು ನಾನು ಉಣ್ಣುವ ಅನ್ನದಲ್ಲಿ ಅವರ ಋಣವಿದೆ, ಇಲ್ಲ ಅನ್ನಲಾರೆ. ಅವರನ್ನು ಕ್ಷಮಿಸಲೂ ಆರೆ.

ಹೋದ ವರ್ಷ ತೀರಿಕೊಂಡರು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅನ್ನುವಂತೆ, ಅವರೆದುರು ಬೆವರಿದವರೆಲ್ಲ ಸಂತಾಪ ಸಭೆಯಲ್ಲಿ ಅವರದು ತಾಯಿ ಕರುಳು ಎಂದರು. ಅವರ ಹೆಸರಿನ ಮೊದಲ ಸ್ಮಾರಕ ಉಪನ್ಯಾಸ ನನ್ನ ಪಾಲಿಗೆ ಬಂತು. ಆ ಮೊದಲ ಭಾಷಣದ ದಿನದಿಂದ ನನ್ನ ಯಾವ ಭಾಷಣಕ್ಕೂ ಬಾರದಿದ್ದ ಅಪ್ಪನನ್ನು ಕರೆದೆ.

"ಅವ್ರು ಹೋಗ್ಬುಟ್ರು ಅಂತೀಯ. ಎಬ್ಬಿಸಿ ಕೇಳೋರು ಬ್ಯಾರೆ ಯಾರಾದ್ರೂ ಅವ್ರಾ?"

"ಯಾರೂ ಇಲ್ಲ, ಬಾರಪ್ಪ."

"ಹಂಗಾರೆ ಬತ್ತೀನಿ."

ಈ ಸಲ ಪೂರ್ತಿ ಕನ್ನಡದಲ್ಲೇ, ಅವನಿಗಾಗಿಯೇ ಮಾತಾಡಿದೆ. ನಡುವೆ ಒಮ್ಮೆ ಕೊನೆಯ ಸಾಲಿನತ್ತ ನೋಡಿದೆ. ಅಪ್ಪ ಕಣ್ಣು ಮುಚ್ಚಿಕೊಂಡಿದ್ದ, ತುಟಿ ಅಲ್ಲಾಡುತ್ತಿತ್ತು. ನನಗೆ ಒಳ್ಳೆಯದಾಗಲೆಂದು ದೇವರನ್ನು ನೆನೆಯುತ್ತಿದ್ದಾನೆ ಅಂದುಕೊಂಡೆ. ಅಲ್ಲ ಅಂತ ಆಮೇಲೆ ಅವನೇ ಹೇಳಿದ: ಯಾರಾದರೂ ಕೇಳಿಬಿಟ್ಟಾರು ಎಂದು, ನಾನು ಹೇಳಿದ ಒಂದೊಂದು ಮಾತನ್ನೂ ಬಾಯಿಪಾಠ ಮಾಡುತ್ತಿದ್ದ.